23 ಲೀಟರಿನ ಅಲ್ಯೂಮಿನಿಯಂ ನೀರಿನ ಟ್ಯಾಂಕ್: ಮನೆಯ ಶೆಡ್ಡಿನಲ್ಲಿ ಟಿಗ್ ವೆಲ್ಡಿಂಗ್

ಪಿಕಪ್ ಗಾಡಿಯ ಹಿಂದೆ ಕೂರಿಸಿ ಕೈಕಾಲು, ಸಲಕರಣೆ ತೊಳೆಯಲು ಬಳಸುವ ಟ್ಯಾಂಕ್ ಇದು. ಕುಡಿಯುವ ನೀರಿಗಲ್ಲ. ಟಿಗ್ ಅಂದರೆ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ತಿನ ಆರ್ಕ್ ಹೊತ್ತಿಸಿ, ಆರ್ಗಾನ್ ಗ್ಯಾಸಿನ ಮರೆಯಲ್ಲಿ ಲೋಹ ಕರಗಿಸಿ ಕೂಡಿಸುವ ವೆಲ್ಡಿಂಗ್. ತಗಡು 3 ಮಿ.ಮೀ. ದಪ್ಪದ 5052-ಎಚ್32 ಗ್ರೇಡಿನ ಅಲ್ಯೂಮಿನಿಯಂ, ಒಳಗಿನ ಅಳತೆ 400 × 194 × 297 ಮಿ.ಮೀ., ಖಾಲಿ ತೂಕ ನಾಲ್ಕೂವರೆ ಕೆ.ಜಿ. ಆಸುಪಾಸು. ಹೊರಗಿನ ವೆಲ್ಡ್ ಎಲ್ಲ ಸೇರಿ 2.8 ಮೀಟರ್. ಆರ್ಕ್ ಉರಿಯುವುದು ಅರ್ಧ ಗಂಟೆ ಮಾತ್ರ. ಉಳಿದ ಹೊತ್ತೆಲ್ಲ ಕತ್ತರಿಸುವುದಕ್ಕೆ, ಸಂದಿಲ್ಲದಂತೆ ಕೂರಿಸುವುದಕ್ಕೆ, ಒರೆಸುವುದಕ್ಕೆ ಹೋಗುತ್ತದೆ. ಟ್ಯಾಂಕ್ ಸೋರುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಆ ಹೊತ್ತಿನಲ್ಲೇ ತೀರ್ಮಾನವಾಗಿರುತ್ತದೆ. ಮೆಷಿನ್ನಿನ ಗುಂಡಿ ತಿರುಗಿಸಿ ಕೊಳೆಯನ್ನೂ ಸಂದನ್ನೂ ಮುಚ್ಚಲು ಆಗುವುದಿಲ್ಲ.

ಕಬ್ಬಿಣಕ್ಕೆ ವೆಲ್ಡ್ ಹೊಡೆದು ಕೈ ಪಳಗಿದವರಿಗೂ ಈ ಲೋಹ ಮೊದಮೊದಲು ಮಣಿಯುವುದಿಲ್ಲ. ಅದಕ್ಕೆ ಮೂರು ಕಾರಣ. ಮೇಲೆ ಸದಾ ಇರುವ ಆಕ್ಸೈಡ್ ಪದರ ಕರಗುವುದು 2072 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕೆಳಗಿನ ಲೋಹ 660 ಡಿಗ್ರಿಯ ಒಳಗೇ ಕರಗಿ ನೀರಾಗಿರುತ್ತದೆ. ಹಾಗಾಗಿ ತಗಡಿನ ಅಂಚು ಒಳಗೊಳಗೇ ಕರಗಿದ್ದರೂ ಚರ್ಮ ಹಾಗೇ ನಿಂತು, ಎರಡು ಅಂಚು ಕೂಡಿಕೊಳ್ಳುವುದಿಲ್ಲ. ಎರಡನೆಯದು, ಮಾಮೂಲಿ ಕಬ್ಬಿಣದ ಸುಮಾರು ಮೂರು ಪಟ್ಟು ವೇಗದಲ್ಲಿ ಇದು ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಆರಂಭದಲ್ಲಿ ಏನೂ ಕರಗದು, ಕೊನೆಯಲ್ಲಿ ಎಲ್ಲವೂ ಕುಸಿಯುತ್ತದೆ. ಮೂರನೆಯದು ಹೈಡ್ರೋಜನ್. ಕರಗಿದ ಅಲ್ಯೂಮಿನಿಯಂ ಅದನ್ನು ಹೀರಿಕೊಳ್ಳುವಷ್ಟು ಗಟ್ಟಿಯಾದ ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳಲಾರದು. ಗಟ್ಟಿಯಾಗುವ ಕ್ಷಣದಲ್ಲಿ ಹೊರಬೀಳುವ ಅನಿಲ ಸಣ್ಣ ಸಣ್ಣ ರಂಧ್ರಗಳಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಆ ಹೈಡ್ರೋಜನ್ ಬರುವುದು ಎಣ್ಣೆಯಿಂದ, ಬೆವರಿನಿಂದ, ತೇವದಿಂದ.

ಇದರ ಜೊತೆಗೆ ಇನ್ನೊಂದು ಎಚ್ಚರ: ಕಬ್ಬಿಣ ಕರಗುವ ಮುಂಚೆ ಕೆಂಪಗಾಗಿ ಹೇಳುತ್ತದೆ, ಅಲ್ಯೂಮಿನಿಯಂ ಹಾಗೆ ಹೇಳುವುದಿಲ್ಲ. 400 ಡಿಗ್ರಿ ಬಿಸಿಯಿರುವ ತಗಡು ತಣ್ಣಗಿನ ತಗಡಿನಂತೆಯೇ ಕಾಣುತ್ತದೆ. ಮುಗಿದ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ "ಬಿಸಿ" ಎಂದು ಬರೆದಿಡುವ ಅಭ್ಯಾಸ ಒಳ್ಳೆಯದು.

ಮೆಷಿನ್, ಕರೆಂಟು, ಗ್ಯಾಸ್

ಎಸಿ ಟಿಗ್ ಇರುವ ಇನ್ವರ್ಟರ್ ಮೆಷಿನ್ ಬೇಕು. ಡಿಸಿ ಮಾತ್ರ ಇರುವ ಅಗ್ಗದ ಟಿಗ್ ಮೆಷಿನ್ ಸ್ಟೀಲಿಗೆ ಚೆನ್ನಾಗಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಎಸಿಯಲ್ಲಿ ಟಂಗ್‌ಸ್ಟನ್ ಧನವಾಗಿರುವ ಅರ್ಧ ಆವರ್ತದಲ್ಲಿ ಆಕ್ಸೈಡ್ ಚರ್ಮ ಕಿತ್ತುಹೋಗುತ್ತದೆ, ಋಣವಾಗಿರುವ ಅರ್ಧದಲ್ಲಿ ಶಾಖ ಆಳಕ್ಕೆ ಇಳಿಯುತ್ತದೆ. ಇವೆರಡರ ಪಾಲನ್ನು ಬದಲಿಸುವ ಗುಂಡಿಯೇ ಬ್ಯಾಲೆನ್ಸ್. 200 ಆಂಪಿನ ಮೆಷಿನ್ ಈ ದಪ್ಪಕ್ಕೆ ಧಾರಾಳ.

ಮನೆಯ ವೈರಿಂಗ್ ತಡೆಯುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಬೇಕು. ಟಿಗ್‌ನಲ್ಲಿ ಆರ್ಕ್ ವೋಲ್ಟೇಜನ್ನು 10 + 0.04 × ಆಂಪ್ ಎಂದು ಹಿಡಿಯುವ ರೂಢಿಯಿದೆ. 130 ಆಂಪಿಗೆ 15.2 ವೋಲ್ಟ್, ಅಂದರೆ ಹತ್ತಿರಹತ್ತಿರ 2 ಕಿಲೋವ್ಯಾಟ್. ಮೆಷಿನ್ನಿನ ದಕ್ಷತೆ ನೂರಕ್ಕೆ 80, ಪವರ್ ಫ್ಯಾಕ್ಟರ್ 0.7 ಎಂದಿಟ್ಟುಕೊಂಡರೆ 230 ವೋಲ್ಟಿನ ಗೋಡೆಯಿಂದ ಎಳೆಯುವುದು ಸುಮಾರು 15 ಆಂಪ್. 180 ಆಂಪಿಗೆ ಏರಿಸಿದರೆ ಅದು 24 ಆಗುತ್ತದೆ. ಗೀಸರಿನ 16 ಆಂಪ್ ಸಾಕೆಟ್ಟಿನಲ್ಲಿ ಕೆಲಸ ಶುರುವಾಗಬಹುದು, ಆದರೆ ಹತ್ತು ನಿಮಿಷದಲ್ಲಿ ಪ್ಲಗ್ಗಿನ ಪಿನ್ನು ಕೈ ಸುಡುತ್ತದೆ. 32 ಆಂಪಿನ ಸಿ ಮಾದರಿ ಎಂಸಿಬಿ, ಅಲ್ಲಿಂದ 6 ಚದರ ಮಿ.ಮೀ. ತಾಮ್ರದ ವೈರು, 32 ಆಂಪಿನ ಇಂಡಸ್ಟ್ರಿಯಲ್ ಪ್ಲಗ್, ಸರಿಯಾದ ಅರ್ತಿಂಗ್: ಇಷ್ಟನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬೆಸ್ಕಾಂ, ಮೆಸ್ಕಾಂ ಯಾವುದೇ ಇರಲಿ, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಬರೆದಿರುತ್ತದೆ. ಅದು 2 ಕಿಲೋವ್ಯಾಟ್ ಆಗಿದ್ದರೆ ಮೊದಲು ಹೆಚ್ಚಿಸಿಕೊಳ್ಳಬೇಕು. ಮನೆಯ ಬ್ಯಾಟರಿ ಯುಪಿಎಸ್ ಲೈನಿಗೆ ಈ ಮೆಷಿನ್ನನ್ನು ಎಂದೂ ಸೇರಿಸಬಾರದು. ಆರ್ಕ್ ಹೊತ್ತಿಸುವ ಹೈ ಫ್ರೀಕ್ವೆನ್ಸಿ ಕಿಡಿಯಿಂದ ಎದೆಯ ಪೇಸ್‌ಮೇಕರ್‌ಗೆ ಅಪಾಯ. ಅಂಥವರು ಶೆಡ್ಡಿನ ಹತ್ತಿರ ಇರಬಾರದು.

ಕೈಯಲ್ಲಿ ಹಿಡಿಯುವ ವೆಲ್ಡಿಂಗ್ ಟಾರ್ಚ್ ಗಾಳಿಯಿಂದ ತಣಿಯುವ 26 ಮಾದರಿಯದು. ಮೆಷಿನ್ ಜೊತೆ ಕೊಡುವ 17 ಮಾದರಿಯ ಸಣ್ಣ ಟಾರ್ಚ್ ಎಸಿಯಲ್ಲಿ 120 ಆಂಪಿಗೆ ಬೇಗ ಕಾಯುತ್ತದೆ. ಒಂದು ಸೀಮ್, ಅಂದರೆ ಜೋಡಣೆಯ ಒಂದು ಗೆರೆ, ಮುಗಿಯುವಷ್ಟರಲ್ಲಿ ಹಿಡಿಕೆ ಹಿಡಿಯಲಾಗುವುದಿಲ್ಲ. ಟಂಗ್‌ಸ್ಟನ್ 2.4 ಮಿ.ಮೀ., ಎರಡು ಶೇಕಡಾ ಲ್ಯಾಂಥನಮ್ ಇರುವುದು. ಕೆಂಪು ತುದಿಯ ಥೋರಿಯಂ ರಾಡ್ ವಿಕಿರಣ ಸೂಸುವಂಥದ್ದು, ಮಸೆಯುವಾಗ ಪುಡಿ ಉಸಿರಿಗೆ ಹೋಗುತ್ತದೆ. ಲ್ಯಾಂಥನಮ್ ಇರುವಾಗ ಅದನ್ನು ಮನೆಗೆ ತರುವ ಅಗತ್ಯವೇ ಇಲ್ಲ. ಗ್ಯಾಸ್ ಹೊರಬರುವ ಕಪ್ 7ನೇ ನಂಬರ್, ಅಂದರೆ ಸುಮಾರು 11 ಮಿ.ಮೀ. ಬಾಯಿ. ಟಂಗ್‌ಸ್ಟನ್ ಕಪ್ಪಿನಿಂದ 5–6 ಮಿ.ಮೀ. ಹೊರಗಿರಲಿ. ಅದನ್ನು ಪೆನ್ಸಿಲ್ ಥರ ಉದ್ದಕ್ಕೆ ಮಸೆದು, ತುದಿಯನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಆರ್ಕ್ ಹೊತ್ತಿದ ಮೇಲೆ ತಾನೇ ಸಣ್ಣಗೆ ದುಂಡಗಾಗುತ್ತದೆ.

ಗ್ಯಾಸ್ ಶುದ್ಧ ಆರ್ಗಾನ್, 99.99 ಶೇಕಡಾ ಅಥವಾ ಮೇಲ್ಪಟ್ಟದ್ದು. ಮಿಗ್ ವೆಲ್ಡಿಂಗಿನ ಕಾರ್ಬನ್ ಡೈ ಆಕ್ಸೈಡ್ ಬೆರೆಸಿದ ಗ್ಯಾಸ್ ಇಲ್ಲಿ ಟಂಗ್‌ಸ್ಟನ್ನನ್ನು ಸುಟ್ಟು ಕರಿ ಮಾಡುತ್ತದೆ. ನಿಮಿಷಕ್ಕೆ 9 ಲೀಟರ್ ಸಾಕು. 10 ಲೀಟರ್ ನೀರು ಹಿಡಿಯುವ ಗಾತ್ರದ ಸಣ್ಣ ಸಿಲಿಂಡರಿನಲ್ಲಿ 150 ಬಾರ್ ಒತ್ತಡಕ್ಕೆ ಸುಮಾರು 1500 ಲೀಟರ್ ಗ್ಯಾಸ್ ಇರುತ್ತದೆ. ಈ ಟ್ಯಾಂಕಿಗೆ ಅಭ್ಯಾಸದ ತುಂಡುಗಳನ್ನು ಬಿಟ್ಟು 350 ಲೀಟರ್ ಹಿಡಿದರೆ ಆಯಿತು. ಫ್ಲೋ ಜಾಸ್ತಿ ಇಟ್ಟರೆ ರಕ್ಷಣೆ ಹೆಚ್ಚುವುದಿಲ್ಲ. 15 ಲೀಟರ್ ದಾಟಿದರೆ ಗ್ಯಾಸ್ ಸುಳಿಯೆದ್ದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ. ಫ್ಯಾನ್ ಆರಿಸಿ. ಆದರೆ ಬಾಗಿಲು ಮುಚ್ಚಬೇಡಿ. ಆರ್ಗಾನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಂತು ಆಮ್ಲಜನಕವನ್ನು ಮೇಲಕ್ಕೆ ತಳ್ಳುತ್ತದೆ, ವಾಸನೆಯೂ ಇಲ್ಲ. ಜೊತೆಗೆ ಹೊಳೆಯುವ ತಗಡಿನ ಮೇಲೆ ಆರ್ಕ್ ಓಝೋನ್ ಹುಟ್ಟಿಸುತ್ತದೆ. ಗಾಳಿ ಕೆಲಸದ ಮೇಲೆ ನೇರ ಬೀಸದೆ ಕೋಣೆಯಲ್ಲಿ ಓಡಾಡುತ್ತಿರಬೇಕು.

ತಗಡು, ರಾಡ್

ಅಂಗಡಿಯಲ್ಲಿ ಬರೀ "ಅಲ್ಯೂಮಿನಿಯಂ ಶೀಟ್" ಕೇಳಿದರೆ ಕೈಗೆ ಏನು ಬರುತ್ತದೋ ಹೇಳಲಾಗದು. ಗ್ರೇಡ್ ಅಚ್ಚು ಹಾಕಿದ ತಗಡನ್ನೇ ಕೇಳಿ ತರಬೇಕು. ಟ್ಯಾಂಕಿಗೆ 5052 ಆರಿಸಿದ್ದಕ್ಕೆ ಎರಡು ಕಾರಣ: ಮಡಚಿದರೆ ಬಿರುಕು ಬಿಡುವುದಿಲ್ಲ, ವೆಲ್ಡಿನ ಪಕ್ಕ ಹೆಚ್ಚು ಮೆತ್ತಗಾಗುವುದಿಲ್ಲ. 6061-ಟಿ6 ಇನ್ನೂ ಗಟ್ಟಿ ಎಂದು ಅದಕ್ಕೆ ಆಸೆಪಡುವವರು ಬಹಳ. ಆದರೆ ಅದರ 310 ಮೆಗಾಪಾಸ್ಕಲ್ ಬಲ ವೆಲ್ಡ್ ಆದ ಜಾಗದಲ್ಲಿ 165ರ ಆಸುಪಾಸಿಗೆ ಇಳಿಯುತ್ತದೆ. 5052-ಎಚ್32 ತನ್ನ 228ರಲ್ಲಿ 172ರಷ್ಟನ್ನು ಉಳಿಸಿಕೊಳ್ಳುತ್ತದೆ. ಅಂದರೆ ಸೀಮ್ ಹತ್ತಿರ ದುಬಾರಿ ತಗಡಿಗೂ ಇದಕ್ಕೂ ಭೇದವೇ ಇಲ್ಲ, ಮೇಲಾಗಿ 6061-ಟಿ6 ಅನ್ನು ಪ್ರೆಸ್ಸಿನಲ್ಲಿ ಬಿಗಿಯಾಗಿ ಮಡಚಿದರೆ ಹೊರಮೈ ಸೀಳುತ್ತದೆ. 7075, 2024 ಗ್ರೇಡಿನ ಚೂರು ಗುಜರಿಯಲ್ಲಿ ಸಿಕ್ಕರೆ ವೆಲ್ಡಿಂಗಿಗೆ ತರಬೇಡಿ; ಆರುವಾಗಲೇ ಬಿರುಕು ಬಿಡುತ್ತವೆ.

ಕರಗಿಸಿ ತುಂಬುವ ರಾಡ್ 5356, 2.4 ಮಿ.ಮೀ. ಇದರಲ್ಲಿ ಐದು ಶೇಕಡಾ ಮೆಗ್ನೀಷಿಯಂ. ಇನ್ನೊಂದು ಪ್ರಸಿದ್ಧ ರಾಡ್ 4043ರಲ್ಲಿ ಐದು ಶೇಕಡಾ ಸಿಲಿಕಾನ್; ಅದು ನುಣ್ಣಗೆ ಹರಿಯುತ್ತದೆ, ಎರಕದ ಭಾಗಗಳಿಗೂ 6063 ಕಿಟಕಿ ಸೆಕ್ಷನ್‌ಗೂ ಒಳ್ಳೆಯದು. ಆದರೆ ಮೆಗ್ನೀಷಿಯಂ ಹೆಚ್ಚಿರುವ ತಗಡಿಗೆ ಸಿಲಿಕಾನ್ ಬೆರೆತರೆ ಪೆಡಸು ಸಂಯುಕ್ತ ಹುಟ್ಟುತ್ತದೆ. 5356ಕ್ಕೂ ಒಂದು ಮಿತಿಯಿದೆ: ಸದಾ 65 ಡಿಗ್ರಿಗಿಂತ ಬಿಸಿಯಿರುವ ಕಡೆ, ರೇಡಿಯೇಟರ್ ಟ್ಯಾಂಕಿನಂಥ ಜಾಗದಲ್ಲಿ, ಅದನ್ನು ಬಳಸುವಂತಿಲ್ಲ, ಕಾಲಕ್ರಮೇಣ ಬಿರುಕು ಬರುತ್ತದೆ. ಒಂದು ಮೀಟರಿನ ರಾಡ್ 12 ಗ್ರಾಂ ತೂಗುತ್ತದೆ. ಟ್ಯಾಂಕಿಗೆ ಏಳು ರಾಡ್ ಹಿಡಿದೀತು. ಅಭ್ಯಾಸಕ್ಕೆಂದು ಅರ್ಧ ಕೆ.ಜಿ. ತಂದು, ಪಿವಿಸಿ ಪೈಪಿನೊಳಗೆ ಸಿಲಿಕಾ ಪೊಟ್ಟಣದ ಜೊತೆ ಹಾಕಿ ಎರಡೂ ಕಡೆ ಕ್ಯಾಪ್ ಬಿಗಿದಿಡಿ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದಿಟ್ಟ ರಾಡ್ ಮಂಕಾಗುತ್ತದೆ, ಆ ಮಂಕು ನೇರವಾಗಿ ರಂಧ್ರವಾಗಿ ವೆಲ್ಡಿನೊಳಗೆ ಬರುತ್ತದೆ.

ಗ್ಯಾಸ್ ಟಾರ್ಚಿನಲ್ಲೇ ಕರಗುತ್ತದೆ ಎಂದು ಮಾರುವ "ಅಲ್ಯೂಮಿನಿಯಂ ರಾಡ್" ಬಹುತೇಕ ಸತುವಿನ ಮಿಶ್ರಣ. ತಾತ್ಕಾಲಿಕ ತೇಪೆಗೆ ಸರಿ. ಆದರೆ ಒಮ್ಮೆ ಅದನ್ನು ಹಚ್ಚಿದ ಜಾಗಕ್ಕೆ ಆಮೇಲೆ ಟಿಗ್ ಹೊಡೆಯಲು ಹೋದರೆ ಸತು ಕುದಿದು ಹೊಗೆಯೇಳುತ್ತದೆ. ಪೂರ್ತಿ ಕತ್ತರಿಸಿ ತೆಗೆಯದೆ ದಾರಿಯಿಲ್ಲ.

ಅಳತೆ ಮತ್ತು ಮಡಿಕೆ

ಸೀಮ್ ಕಡಿಮೆಯಾದಷ್ಟೂ ಸೋರುವ ಜಾಗ ಕಡಿಮೆ. ಹಾಗಾಗಿ ತಳ ಮತ್ತು ಎರಡು ಉದ್ದ ಬದಿಗಳನ್ನು ಒಂದೇ ತಗಡಿನಿಂದ ತೊಟ್ಟಿಯಂತೆ ಮಡಚುವುದು, ಎರಡು ತುದಿಗೆ ಎರಡು ತಟ್ಟೆ, ಮೇಲೆ ಮುಚ್ಚಳ. ಹೊರಗಿನ ಅಳತೆ 300 + 200 + 300, ಒಟ್ಟು 800 ಮಿ.ಮೀ. ಒಳಮೈ ತ್ರಿಜ್ಯ 4 ಮಿ.ಮೀ. ಇರುವ 90 ಡಿಗ್ರಿ ಮಡಿಕೆಗೆ ತಲಾ 5.7 ಮಿ.ಮೀ. ಕಳೆಯಬೇಕು. ಹಾಗಾಗಿ ಕತ್ತರಿಸುವ ತಗಡು 788.6 × 400. ತಗಡು ಮಡಚುವ ಪ್ರೆಸ್ ಬ್ರೇಕ್ ಇರುವ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಇದನ್ನು ಮಾಡಿಸುವುದು ಲೇಸು, ಎರಡು ಮಡಿಕೆ ಐದು ನಿಮಿಷದ ಕೆಲಸ. ಅವರ ಡೈ ಬೇರೆ ಇದ್ದರೆ ಕಳೆಯುವ ಅಂಕಿಯೂ ಬದಲಾಗುತ್ತದೆ; ಅದೇ ತಗಡಿನ 100 ಮಿ.ಮೀ. ಚೂರೊಂದನ್ನು ಮೊದಲು ಮಡಚಿ ಅಳೆದುಕೊಳ್ಳಿ. ಮಡಿಕೆಯ ಗೆರೆಯನ್ನು ಮೊಳೆಯಿಂದ ಗೀರಬೇಡಿ, ಗೀರಿದಲ್ಲೇ ಸೀಳುತ್ತದೆ. ಮಾರ್ಕರ್ ಸಾಕು. ಮೇಲಿನ ಪ್ಲಾಸ್ಟಿಕ್ ಹಾಳೆ ಮಡಚುವವರೆಗೂ ಇರಲಿ.

ತುದಿಯ ತಟ್ಟೆ ಎರಡು: 194 × 297, ಕೆಳಗಿನ ಎರಡು ಮೂಲೆಗೆ 4 ಮಿ.ಮೀ. ದುಂಡು. ಮುಚ್ಚಳ 194 × 400. ಈ ಅಳತೆಯಲ್ಲಿ ತಟ್ಟೆಯ ಒಳ ಅಂಚು ತೊಟ್ಟಿಯ ಒಳ ಅಂಚಿಗೆ ಗೆರೆಯಂತೆ ತಾಗಿ, ಹೊರಗಡೆ 3 × 3 ಮಿ.ಮೀ. ಚೌಕದ ತೋಡು ತೆರೆದಿರುತ್ತದೆ. ಈ ತೆರೆದ ಮೂಲೆಯೇ ಟಿಗ್‌ಗೆ ಎಲ್ಲಕ್ಕಿಂತ ಸುಲಭದ ಜೋಡಣೆ: ಎರಡೂ ಅಂಚು ಒಟ್ಟಿಗೆ ಕರಗುತ್ತವೆ, ರಾಡ್ ಕೂರಲು ಜಾಗ ಸಿಗುತ್ತದೆ, ಮುಗಿದ ಮೇಲೆ ಮೂಲೆ ತಾನೇ ದುಂಡಗೆ ಕಾಣುತ್ತದೆ. ಒಂದರ ಮೇಲೊಂದು ತಗಡು ಹೇರಿ ಮಾಡುವ ಜೋಡಣೆಯಲ್ಲಿ ನಡುವೆ ಸಿಕ್ಕ ತೇವ ಮತ್ತು ಗಾಳಿ ವೆಲ್ಡಿನೊಳಗಿಂದಲೇ ಗುಳ್ಳೆಯಾಗಿ ಬರುತ್ತದೆ.

ಕಾರ್ಬೈಡ್ ಹಲ್ಲಿನ ಸಾ ಅಥವಾ ದಪ್ಪ ಹಲ್ಲಿನ ಜಿಗ್‌ಸಾ ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಅರದಿಂದ ನೇರ ಮಾಡಿ. ಕಬ್ಬಿಣಕ್ಕೆ ಬಳಸುವ ಗ್ರೈಂಡಿಂಗ್ ಚಕ್ರ ಬೇಡವೇ ಬೇಡ. ಅಲ್ಯೂಮಿನಿಯಂ ಅದರ ಮೈಗೆ ಮೆತ್ತಿಕೊಂಡು ಚಕ್ರ ಕಾಯ್ದು ಒಡೆಯಬಹುದು, ಚಕ್ರದ ಕಣಗಳು ತಗಡಿನಲ್ಲಿ ಹೂತು ವೆಲ್ಡ್ ಕೆಡುತ್ತದೆ. ಇನ್ನೂ ದೊಡ್ಡ ಅಪಾಯವೆಂದರೆ ಅಲ್ಯೂಮಿನಿಯಂ ಪುಡಿಯೂ ಕಬ್ಬಿಣದ ತುಕ್ಕಿನ ಪುಡಿಯೂ ಒಂದೇ ಕಡೆ ಶೇಖರವಾದರೆ ಕಿಡಿಗೆ ಭಯಂಕರವಾಗಿ ಉರಿಯಬಲ್ಲದು. ಎರಡರ ಕೆಲಸವನ್ನು ಬೇರೆ ಬೇರೆ ಮೂಲೆಯಲ್ಲಿ ಮಾಡಿ, ನೆಲ ಗುಡಿಸಿ.

ನಲ್ಲಿ ಕೂರಿಸಲು 32 ಮಿ.ಮೀ. ವ್ಯಾಸದ 6082 ರಾಡಿನಿಂದ, ಪೇಟೆಯಲ್ಲಿ ಎಚ್‌ಇ 30 ಅನ್ನುವ ಸರಕಿನಿಂದ, 20 ಮಿ.ಮೀ. ಉದ್ದದ ಎರಡು ಬುಷ್ ಲೇತಿನಲ್ಲಿ ಮಾಡಿಸಬೇಕು. ಒಂದು ಕಡೆ 3 ಮಿ.ಮೀ. ಉದ್ದಕ್ಕೆ 25.4ಕ್ಕೆ ಇಳಿಸಿದರೆ ತಗಡಿನ 25.5 ತೂತಿನಲ್ಲಿ ಕೂರುತ್ತದೆ. ಒಳಗೆ ಸದ್ಯಕ್ಕೆ 16 ಮಿ.ಮೀ. ತೂತು ಮಾತ್ರ. ಅರ್ಧ ಇಂಚಿನ ಪೈಪ್ ಥ್ರೆಡ್, ಅಂದರೆ ಬಿಎಸ್‌ಪಿ, ಮೊದಲೇ ಹಾಕಿದರೆ ವೆಲ್ಡಿನ ಬಿಸಿಗೆ ಸೊಟ್ಟಗಾಗುತ್ತದೆ. ವೆಲ್ಡ್ ಆರಿದ ಮೇಲೆ 19 ಮಿ.ಮೀ.ಗೆ ಕೊರೆದು ಥ್ರೆಡ್ ಹಾಕುವುದು. ಒಂದು ಬುಷ್ ತುದಿತಟ್ಟೆಯಲ್ಲಿ, ಒಳತಳದಿಂದ 30 ಮಿ.ಮೀ. ಎತ್ತರದಲ್ಲಿ, ತಳದಲ್ಲಿ ನಿಲ್ಲುವ ಕೆಸರು ನಲ್ಲಿಗೆ ಬರುವುದಿಲ್ಲ. ಇನ್ನೊಂದು ಮುಚ್ಚಳದಲ್ಲಿ, ಗಾಳಿ ಹೋಗಲು. ನೀರು ತುಂಬಲು 50 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ 6063 ಪೈಪಿನ ತುಂಡು, 60 ಮಿ.ಮೀ. ಉದ್ದ. ಗಾಡಿ ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ಬಡಿಯದಂತೆ ನಡುವೆ ಒಂದು ತಡೆಹಲಗೆ, 190 × 220, ಅದಕ್ಕೆ 40 ಮಿ.ಮೀ. ತೂತು ಮೂರು, ನಾಲ್ಕು ಮೂಲೆ 25 ಮಿ.ಮೀ. ಓರೆ.

ಒರೆಸುವ ಕ್ರಮ

ಮೊದಲು ಎಣ್ಣೆ ತೆಗೆಯಬೇಕು, ಆಮೇಲೆ ಬ್ರಷ್. ಈ ಕ್ರಮ ತಿರುಗಿದರೆ ಬ್ರಷ್ಷಿನ ಹಲ್ಲು ಎಣ್ಣೆಯನ್ನು ಗೀರುಗಳೊಳಗೆ ತುಂಬುತ್ತದೆ, ಬ್ರಷ್ಷೂ ಹಾಳು. ಬಿಳಿ ಹತ್ತಿ ಬಟ್ಟೆಗೆ ಅಸಿಟೋನ್ ಹಾಕಿ ಅಂಚಿನಿಂದ 30 ಮಿ.ಮೀ. ಅಗಲಕ್ಕೆ ಎರಡೂ ಮೈ ಒರೆಸಿ, ಬಟ್ಟೆ ಕರಿಯಾಗದಿರುವ ತನಕ. ಪ್ಲಾಸ್ಟಿಕ್ ಹಾಳೆಯ ಅಂಟು ಉಳಿದಿದ್ದರೆ ಇಲ್ಲೇ ಹೋಗಬೇಕು. ಅಸಿಟೋನ್ ಪೂರ್ತಿ ಆರಿದ ಮೇಲೆ ಸ್ಟೇನ್‌ಲೆಸ್ ತಂತಿಯ ಹೊಸ ಬ್ರಷ್ಷಿನಿಂದ ಒಂದೇ ದಿಕ್ಕಿಗೆ, ಹಗುರವಾಗಿ. ಒತ್ತಿ ಉಜ್ಜಿದರೆ ಮೆತ್ತನೆಯ ಲೋಹ ಆಕ್ಸೈಡಿನ ಮೇಲೆ ಹರಡಿ ಅದನ್ನು ಒಳಗೇ ಮುಚ್ಚಿಡುತ್ತದೆ. ಈ ಬ್ರಷ್ಷನ್ನು ಕಬ್ಬಿಣಕ್ಕೆ ಮುಟ್ಟಿಸಬಾರದು. ಹಿಡಿಕೆಗೆ ಬಣ್ಣದ ಟೇಪ್ ಸುತ್ತಿಟ್ಟರೆ ಬೇರೆಯವರೂ ಮುಟ್ಟುವುದಿಲ್ಲ. ರಾಡನ್ನೂ ಅಸಿಟೋನಿನಲ್ಲಿ ಒರೆಸಬೇಕು. ಆ ಬಟ್ಟೆ ಎಷ್ಟು ಕರಿಯಾಗುತ್ತದೆ ನೋಡಿದರೆ ಮತ್ತೆ ಯಾರೂ ಬಿಡುವುದಿಲ್ಲ.

ಬ್ರೇಕ್ ಕ್ಲೀನರ್ ಸ್ಪ್ರೇ ಬಳಸಬೇಡಿ. ಅದರಲ್ಲಿ ಕ್ಲೋರಿನ್ ಇರುವ ದ್ರಾವಕವಿದ್ದರೆ ಆರ್ಕಿನ ಬಿಸಿಗೂ ನೇರಳಾತೀತ ಕಿರಣಕ್ಕೂ ಅದು ಫಾಸ್ಜೀನ್ ಅನಿಲವಾಗುತ್ತದೆ. ಸ್ವಲ್ಪವೇ ಉಸಿರಿಗೆ ಹೋದರೂ ಪ್ರಾಣಕ್ಕೆ ಬರಬಹುದು. ಅಸಿಟೋನ್ ಡಬ್ಬಿ, ಒರೆಸಿದ ಬಟ್ಟೆ ಎರಡೂ ಆರ್ಕ್ ಹೊತ್ತಿಸುವ ಮುಂಚೆ ಶೆಡ್ಡಿನ ಹೊರಗೆ ಹೋಗಬೇಕು.

ಮಳೆಗಾಲದಲ್ಲಿ ಇನ್ನೊಂದು ಹೆಜ್ಜೆ. ಬೆಳಿಗ್ಗೆ ತಣ್ಣಗಿರುವ ತಗಡಿನ ಮೇಲೆ ಕಣ್ಣಿಗೆ ಕಾಣದ ತೇವ ಕೂತಿರುತ್ತದೆ. ಹಾಟ್ ಏರ್ ಗನ್ನಿನಿಂದ 60–70 ಡಿಗ್ರಿಗೆ ಬಿಸಿ ಮಾಡಿ ಆರಿಸಿ. ನೀರು ನಿಂತು ಬಿಳಿ ಕಲೆಯಾದ ತಗಡಿಗೆ ಬ್ರಷ್ ಸಾಲದು, ಕಲೆ ಹೋಗುವ ತನಕ ಅರದಿಂದ ಹೆರೆಯಬೇಕು. ಒರೆಸಿ ಬ್ರಷ್ ಮಾಡಿದ ಅಂಚಿಗೆ ಅದೇ ದಿನ ವೆಲ್ಡ್ ಆಗಲಿ, ಬರಿಗೈ ಸೋಕದಿರಲಿ.

ಸೆಟ್ಟಿಂಗ್, ಅಭ್ಯಾಸದ ತುಂಡು

ಪ್ರತಿ ಮಿ.ಮೀ. ದಪ್ಪಕ್ಕೆ 40 ಆಂಪ್ ಎಂಬ ಲೆಕ್ಕದಲ್ಲಿ 3 ಮಿ.ಮೀ.ಗೆ 120. ಬ್ಯಾಲೆನ್ಸ್ 70 ಶೇಕಡಾ ಋಣ. ಕೆಲವು ಮೆಷಿನ್ನಿನಲ್ಲಿ ಇದೇ ಗುಂಡಿ ಶುದ್ಧಿಯ ಪಾಲನ್ನು ತೋರಿಸುತ್ತದೆ, ಅಲ್ಲಿ 30 ಇಡಬೇಕು. ಫ್ರೀಕ್ವೆನ್ಸಿ 100 ಹರ್ಟ್ಸ್, ಮುಂಚೆ ಗ್ಯಾಸ್ ಅರ್ಧ ಸೆಕೆಂಡ್, ಆಮೇಲೆ ಗ್ಯಾಸ್ 8 ಸೆಕೆಂಡ್. ಹೆಲ್ಮೆಟ್ ಗಾಜು 11ನೇ ಶೇಡ್. ಅಲ್ಯೂಮಿನಿಯಂ ಬೆಳಕನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಕುತ್ತಿಗೆ ಮುಚ್ಚುವ ತುಂಬುತೋಳಿನ ಹತ್ತಿ ಬಟ್ಟೆ ಇಲ್ಲದಿದ್ದರೆ ಸಂಜೆಗೆ ಚರ್ಮ ಕೆಂಪೇರಿ ಉರಿಯುತ್ತದೆ.

ಉಳಿದ ಚೂರಿನಿಂದ 150 × 50ರ ಎರಡು ಪಟ್ಟಿ ಕತ್ತರಿಸಿ ಇದೇ ತೆರೆದ ಮೂಲೆ ಜೋಡಣೆ ಮಾಡಿ ನೋಡಿ. ಟಾರ್ಚನ್ನು ಹಿಂದಕ್ಕೆ 10–15 ಡಿಗ್ರಿ ಮಾತ್ರ ವಾಲಿಸಿ, ಆರ್ಕ್ ಉದ್ದ 2–3 ಮಿ.ಮೀ. ಹೊತ್ತಿಸಿ ಒಂದೇ ಕಡೆ ಹಿಡಿಯಿರಿ. ಮೊದಲು ಮೇಲ್ಮೈ ಹಿಮದಂತೆ ಬೆಳ್ಳಗಾಗುತ್ತದೆ, ಮೂರು ನಾಲ್ಕು ಸೆಕೆಂಡಿನಲ್ಲಿ ಅದರ ನಡುವೆ ಪಾದರಸದಂತೆ ಹೊಳೆಯುವ ಪಡಲ್, ಅಂದರೆ ಕರಗಿದ ಲೋಹದ ಪುಟ್ಟ ಮಡು, ತೆರೆದುಕೊಳ್ಳುತ್ತದೆ. ಆಗ ಮಾತ್ರ ರಾಡ್. ರಾಡನ್ನು ಪಡಲಿನ ಮುಂಚೂಣಿಗೆ ಮುಟ್ಟಿಸಿ ಹಿಂದೆ ತೆಗೆಯಿರಿ, ಆದರೆ ತುದಿ ಗ್ಯಾಸಿನ ನೆರಳು ಬಿಟ್ಟು ಹೋಗದಿರಲಿ. ನಿಮಿಷಕ್ಕೆ 120 ಮಿ.ಮೀ. ವೇಗ ಸಿಕ್ಕರೆ ಚೆನ್ನ.

ಹೊಸಬರ ಕೈ ಇಲ್ಲಿ ಆಂಪ್ ಇಳಿಸುವ ಕಡೆ ಹೋಗುತ್ತದೆ. ತೂತು ಬೀಳುತ್ತದೆಂಬ ಭಯ. ನಡೆಯುವುದು ಅದಕ್ಕೆ ತದ್ವಿರುದ್ಧ. 80 ಆಂಪಿನಲ್ಲಿ ಪಡಲ್ ಬರಲು ಹತ್ತು ಹದಿನೈದು ಸೆಕೆಂಡ್ ಕಾಯಬೇಕು, ಅಷ್ಟರಲ್ಲಿ ಸುತ್ತಲಿನ ತಗಡೆಲ್ಲ ಕಾಯ್ದು ಕರಗುವ ಅಂಚಿಗೆ ಬಂದಿರುತ್ತದೆ, ಪಡಲ್ ಬಂದ ಮರುಕ್ಷಣವೇ ಇಡೀ ಅಂಚು ಕೆಳಗೆ ಕುಸಿಯುತ್ತದೆ. ಹೆಚ್ಚು ಆಂಪ್, ಬೇಗ ಪಡಲ್, ಬೇಗ ಮುಂದಕ್ಕೆ. ಐದಾರು ಸೆಕೆಂಡಿನಲ್ಲಿ ಪಡಲ್ ಬಾರದಿದ್ದರೆ ನಿಲ್ಲಿಸಿ, ತಣಿಸಿ, 10 ಆಂಪ್ ಏರಿಸಿ.

ಅಭ್ಯಾಸದ ಮೂಲೆಯನ್ನು ವೈಸಿಗೆ ಕಟ್ಟಿ ಸುತ್ತಿಗೆಯಿಂದ ಚಪ್ಪಟೆ ಮಾಡಿ ಮುರಿಯಿರಿ. ಮುರಿದ ಮೈಯಲ್ಲಿ ಸೂಜಿಮೊನೆ ರಂಧ್ರಗಳು ಸಾಲಾಗಿದ್ದರೆ ಕೊಳೆ ಅಥವಾ ತೇವ. ಬುಡದಲ್ಲಿ ಮಂಕಾದ ನೇರ ಗೆರೆ ಇದ್ದರೆ ಅಂಚು ಕೂಡಿಲ್ಲ: ಆಂಪ್ ಕಡಿಮೆ, ಇಲ್ಲವೇ ರಾಡ್ ಅವಸರವಾಗಿ ಬಿದ್ದಿದೆ. ಒಳಮೂಲೆಯಲ್ಲಿ ಸಣ್ಣಗೆ ಉಬ್ಬಿದ, ಹೊಳೆಯುವ ಒಂದೇ ಗೆರೆ ಕಾಣುವ ತನಕ ಟ್ಯಾಂಕಿನ ತಗಡು ಮುಟ್ಟಬೇಡಿ.

ಟ್ಯಾಂಕಿನ ವೆಲ್ಡ್

ಬುಷ್, ಪೈಪು ಮೊದಲು. ತಟ್ಟೆ ಮೇಜಿನ ಮೇಲೆ ಚಪ್ಪಟೆಯಾಗಿರುವಾಗಲೇ ಇದು ಸುಲಭ. ಬುಷ್ಷಿನ ಗೋಡೆ ದಪ್ಪ, ತಗಡು ತೆಳು. ಆರ್ಕಿನ ಮುಕ್ಕಾಲು ಪಾಲನ್ನು ಬುಷ್ಷಿನ ಮೇಲೆ ಹಿಡಿದು, ಅದು ಹೊಳೆಯತೊಡಗಿದ ಮೇಲೆ ತಗಡಿಗೆ ಇಳಿಸಬೇಕು. ಇದಕ್ಕೆ 140 ಆಂಪ್ ಬೇಕಾಗುತ್ತದೆ. ನಾಲ್ಕು ಟ್ಯಾಕ್, ಅಂದರೆ ಹಿಡಿದಿಡುವ ಚುಕ್ಕೆ ವೆಲ್ಡ್, ಹಾಕಿ, ಕಾಲು ಕಾಲು ಸುತ್ತು ಎದುರುಬದುರು. ಪೈಪಿಗೆ 110 ಸಾಕು. ತಡೆಹಲಗೆಯನ್ನು ತೊಟ್ಟಿಯ ನಡುವೆ ನಿಲ್ಲಿಸಿ ಬದಿಗಳಿಗೆ ತಲಾ ಎರಡು, ತಳಕ್ಕೆ ಎರಡು, 25 ಮಿ.ಮೀ. ಉದ್ದದ ತುಂಡು ವೆಲ್ಡ್. ಪೂರ್ತಿ ಎಳೆದರೆ ಬದಿತಗಡು ಒಳಕ್ಕೆ ಸೆಳೆದುಕೊಳ್ಳುತ್ತದೆ.

ತುದಿತಟ್ಟೆ ಹಿಡಿಯಲು ವೆಲ್ಡರ್‌ಗಳ ಮ್ಯಾಗ್ನೆಟ್ ಇಲ್ಲಿ ಅಂಟುವುದಿಲ್ಲ. ತೊಟ್ಟಿಯೊಳಗೆ 194 ಮಿ.ಮೀ. ಅಗಲದ ಮರದ ತುಂಡು ಕೂರಿಸಿ ಹೊರಗಿನಿಂದ ಕ್ಲಾಂಪ್ ಬಿಗಿದರೆ ಬದಿ ನೆಟ್ಟಗೆ ನಿಲ್ಲುತ್ತದೆ. ಮರ ವೆಲ್ಡ್ ಗೆರೆಯಿಂದ ಒಂದು ಅಂಗೈ ದೂರವಿರಲಿ. ಮೂಲೆಮಟ್ಟ ಹಿಡಿದು ನೋಡಿ, ಪ್ರತಿ ಬದಿಯ ನಡುವಿನಿಂದ ಹೊರಕ್ಕೆ 40 ಮಿ.ಮೀ.ಗೆ ಒಂದರಂತೆ ಟ್ಯಾಕ್ ಹಾಕಿ. ಟ್ಯಾಕ್‌ಗೆ ಆಂಪ್ 140, ಒಂದೇ ಚುಟುಕು, ಒಂದು ಹನಿ ರಾಡ್. ಕಣ್ಣಿಗೆ ಸಂದು ಕಂಡರೆ ಅದರ ಮೇಲೆ ವೆಲ್ಡ್ ಎಳೆಯುವ ಆಸೆ ಬಿಟ್ಟು ಟ್ಯಾಕ್ ಕತ್ತರಿಸಿ ಮತ್ತೆ ಕೂರಿಸಿ. ಅರ್ಧ ಮಿ.ಮೀ. ಸಂದಿನಲ್ಲೂ ಎರಡು ಅಂಚುಗಳು ಬೇರೆ ಬೇರೆ ಉಂಡೆಗಳಾಗಿ ಹಿಂದೆ ಸರಿಯುತ್ತವೆ. ಎಲ್ಲ ಟ್ಯಾಕ್‌ಗೂ ಮತ್ತೊಮ್ಮೆ ಬ್ರಷ್.

ತಳದ ಸೀಮ್ ಮೊದಲು, ಆಮೇಲೆ ಎಡ ಬದಿ, ಇನ್ನೊಂದು ತುದಿಯ ತಳ, ಮತ್ತೆ ಬಲ ಬದಿ: ಹೀಗೆ ಜಾಗ ಬದಲಿಸುತ್ತ ಒಂದು ಸಲಕ್ಕೆ 100 ಮಿ.ಮೀ. ಮೀರದಂತೆ. ಬೆರಳಿಟ್ಟರೆ ತಡೆದುಕೊಳ್ಳುವಷ್ಟು ಆರುವ ತನಕ ಅದೇ ಜಾಗಕ್ಕೆ ಹಿಂತಿರುಗಬೇಡಿ. ಮೊದಲು ದೂರದಿಂದ ಅಂಗೈ ಹಿಡಿದು ನೋಡಿ. ಮಡಿಕೆಯ ದುಂಡು ಮೂಲೆಯಲ್ಲಿ ಶುರುಮಾಡುವುದೂ ಬೇಡ, ಮುಗಿಸುವುದೂ ಬೇಡ. ಅದನ್ನು ಒಂದೇ ಓಟದಲ್ಲಿ ದಾಟಬೇಕು. ಹೊಸ ಓಟವನ್ನು ಹಳೆಯದರ ಮೇಲೆ 10–15 ಮಿ.ಮೀ. ಹಿಂದಿನಿಂದ ಎತ್ತಿಕೊಳ್ಳಿ. ಕಾಲಿನ ಪೆಡಲ್ ಇದ್ದರೆ 120ರಲ್ಲಿ ಹೊತ್ತಿಸಿ ಓಟದ ಕೊನೆಗೆ 100ರವರೆಗೆ ಇಳಿಸಬಹುದು. ಪೆಡಲ್ ಇಲ್ಲದಿದ್ದರೆ ಕೊನೆಯ ಕಾಲುಭಾಗದಲ್ಲಿ ಕೈಯ ವೇಗ ಹೆಚ್ಚಿಸಬೇಕು.

ಓಟ ನಿಲ್ಲಿಸುವ ಜಾಗವೇ ಬಿರುಕಿನ ತವರು. ಆರ್ಕನ್ನು ಥಟ್ಟನೆ ಆರಿಸಿದರೆ ಪಡಲ್ ಕುಗ್ಗಿ ನಡುವೆ ಗುಳಿ ಬಿದ್ದು, ಗುಳಿಯೊಳಗೆ ನಕ್ಷತ್ರದಂಥ ಬಿರುಕು ಮೂಡುತ್ತದೆ. ಡೌನ್ ಸ್ಲೋಪ್ 3–4 ಸೆಕೆಂಡ್ ಇಟ್ಟು, ಆಂಪ್ ಇಳಿಯುತ್ತಿರುವಾಗ ಇನ್ನೆರಡು ಹನಿ ರಾಡ್ ಕೊಟ್ಟು ಗುಳಿ ತುಂಬಿ, ಗ್ಯಾಸ್ ನಿಲ್ಲುವ ತನಕ ಟಾರ್ಚನ್ನು ಅಲ್ಲೇ ಹಿಡಿದಿರಬೇಕು.

ಮುಚ್ಚಳ ಕೊನೆಗೆ. ಕೂರಿಸುವ ಮುಂಚೆ ಒಳಗಿನ ಅರದ ಪುಡಿ, ರಾಡ್ ಚೂರು ತೆಗೆದು, ಒಳಗಿನ ಸೀಮ್‌ಗಳನ್ನು ಟಾರ್ಚ್ ಲೈಟ್ ಹಿಡಿದು ನೋಡಿಕೊಳ್ಳಿ. ಆಮೇಲೆ ನೋಡಲಾಗುವುದಿಲ್ಲ. ಮುಚ್ಚಳ ವೆಲ್ಡ್ ಮಾಡುವಾಗ ಬುಷ್, ಪೈಪು ಎಲ್ಲ ತೆರೆದೇ ಇರಬೇಕು. ಮುಚ್ಚಿದ ಟ್ಯಾಂಕಿನಲ್ಲಿ ಗಾಳಿ ಬಿಸಿಯಾಗಿ ಹಿಗ್ಗಿ, ಸೀಮಿನ ಕೊನೆಯ ಇಂಚಿನಲ್ಲಿ ಪಡಲನ್ನೇ ಹೊರಕ್ಕೆ ಊದುತ್ತದೆ. ಎಷ್ಟು ಸಲ ತುಂಬಿದರೂ ಅದೇ ತೂತು ಮತ್ತೆ ತೆರೆಯುತ್ತದೆ, ಕಾರಣ ಹೊಳೆಯದೆ ರಾಡ್ ಖರ್ಚಾಗುತ್ತದೆ.

ವೆಲ್ಡ್ ನೋಡಿ ಕಾಯಿಲೆ ಗುರುತಿಸುವುದು

ವೆಲ್ಡಿನ ಎರಡೂ ಪಕ್ಕ 2–3 ಮಿ.ಮೀ. ಅಗಲದ ಬಿಳಿ ಪಟ್ಟಿ ಇರುವುದು ಆರೋಗ್ಯದ ಗುರುತು. ಅದು ಕಾಣದೆ ಪಡಲಿನಲ್ಲಿ ಮೆಣಸಿನ ಪುಡಿಯಂಥ ಚುಕ್ಕೆ ತೇಲಿದರೆ ಶುದ್ಧಿ ಸಾಲದು. ಬ್ಯಾಲೆನ್ಸನ್ನು 65ಕ್ಕೆ ತನ್ನಿ, ಅದಕ್ಕೂ ಮುಂಚೆ ಮತ್ತೊಮ್ಮೆ ಒರೆಸಿ. ಪಟ್ಟಿ ತೀರಾ ಅಗಲವಾಗಿ, ಟಂಗ್‌ಸ್ಟನ್ ತುದಿ ದೊಡ್ಡ ಗುಂಡಾಗಿ ಅಲುಗಾಡಿದರೆ ಶುದ್ಧಿ ಅತಿಯಾಗಿದೆ, 75ಕ್ಕೆ ಏರಿಸಿ. ವೆಲ್ಡ್ ಮೇಲೆ ಕರಿ ಮಸಿ ಬಂದರೆ ಗ್ಯಾಸಿನ ದೋಷ: ಆರ್ಕ್ ಉದ್ದವಾಗಿದೆ, ಟಾರ್ಚ್ ಅತಿಯಾಗಿ ವಾಲಿದೆ, ಗಾಳಿ ಬೀಸುತ್ತಿದೆ ಅಥವಾ ಟಾರ್ಚ್ ಹಿಂದಿನ ಕ್ಯಾಪಿನ ರಬ್ಬರ್ ರಿಂಗ್ ಸೀಳಿದೆ. ಆ ರಿಂಗ್ ಯಾರ ಕಣ್ಣಿಗೂ ಬೀಳುವುದಿಲ್ಲ, ಮೊದಲು ಅದನ್ನೇ ನೋಡಿ. 5356 ರಾಡಿನಲ್ಲಿ ಮಾತ್ರ ಮೆಗ್ನೀಷಿಯಂ ಕಾರಣಕ್ಕೆ ಬಟ್ಟೆಯಲ್ಲಿ ಒರೆಸಿದರೆ ಹೋಗುವ ತೆಳು ಮಸಿ ಸಹಜ.

ಟಂಗ್‌ಸ್ಟನ್ ಪಡಲಿಗೆ ಅದ್ದಿಹೋದರೆ ಹಾಗೇ ಮುಂದುವರಿಸಬಾರದು. ಅದರ ಮೇಲೆ ಏರಿದ ಅಲ್ಯೂಮಿನಿಯಂ ಆರ್ಕನ್ನು ಚದುರಿಸುತ್ತದೆ. ನಿಲ್ಲಿಸಿ, ಕೆಟ್ಟ ತುದಿ ಮುರಿದು, ಹೊಸದಾಗಿ ಮಸೆದು, ವೆಲ್ಡ್ ಮೇಲೆ ಬಿದ್ದ ಕರಿ ಚುಕ್ಕೆಯನ್ನು ಕಾರ್ಬೈಡ್ ಬರ್, ಅಂದರೆ ತಿರುಗುವ ಅರ, ಹಾಕಿ ತೆಗೆದ ಮೇಲೆಯೇ ಮುಂದಿನ ಹೆಜ್ಜೆ.

ಸೋರಿಕೆ ಪರೀಕ್ಷೆ, ಕೂರಿಸುವುದು

ಮೊದಲು ಬುಷ್‌ಗಳಿಗೆ ಥ್ರೆಡ್ ಹಾಕಿ. ಒತ್ತಡ ಅಳೆಯಲು ಗಾರೆ ಕೆಲಸದವರ ಮಟ್ಟದ ಪೈಪೇ ಸಾಕು. ಅದನ್ನು ಇಂಗ್ಲಿಷಿನ ಯು ಅಕ್ಷರದಂತೆ ಗೋಡೆಗೆ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ಒಂದು ತುದಿಯನ್ನು ಮುಚ್ಚಳದ ಬುಷ್‌ಗೆ ಸೇರಿಸಿ, ಇನ್ನೊಂದು ತೆರೆದಿರಲಿ. ಕೆಳಗಿನ ಬುಷ್‌ಗೆ ಟ್ಯೂಬಿನ ವಾಲ್ವ್ ಹಾಕಿ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ. ಎರಡು ಮಟ್ಟಗಳ ಅಂತರ 1 ಮೀಟರ್ ಆದರೆ ಒತ್ತಡ 0.1 ಬಾರ್. ಮೀರಿದರೆ ನೀರು ಹೊರಕ್ಕೆ ಚಿಮ್ಮಿ ಟ್ಯಾಂಕ್ ಉಳಿಯುತ್ತದೆ. ಕಂಪ್ರೆಸರ್ ಪೈಪನ್ನು ನೇರ ಸಿಕ್ಕಿಸಬೇಡಿ. 0.1 ಬಾರ್‌ನಲ್ಲೇ ದೊಡ್ಡ ಬದಿಯ ಮೇಲೆ 120 ಕೆ.ಜಿ. ತೂಕದಷ್ಟು ಬಲ ಬೀಳುತ್ತದೆ. ಒಂದು ಬಾರ್ ಅಂದರೆ ಟ್ಯಾಂಕ್ ಉಬ್ಬಿ ಸೀಮ್ ಹರಿಯುತ್ತದೆ.

ಸೋಪಿನ ನೀರನ್ನು ಬ್ರಷ್ಷಿನಿಂದ ಎಲ್ಲ ಸೀಮಿಗೂ ಹಚ್ಚಿ ಗುಳ್ಳೆ ಹುಡುಕಿ. ಮಟ್ಟ ಇಳಿಯಿತೆಂದ ಮಾತ್ರಕ್ಕೆ ಸೋರಿಕೆ ಎನ್ನಲಾಗದು: ಟ್ಯಾಂಕಿನ ಗಾಳಿ 3 ಡಿಗ್ರಿ ತಣಿದರೂ ನೀರಿನ ಅಂತರ ಹತ್ತು ಸೆಂ.ಮೀ.ನಷ್ಟು ಕಡಿಮೆಯಾಗುತ್ತದೆ. ನೆರಳಿನಲ್ಲಿ, ಟ್ಯಾಂಕ್ ಪೂರ್ತಿ ಆರಿದ ಮೇಲೆ ಮಾಡಿ. ಗುಳ್ಳೆ ಬಂದ ಜಾಗವನ್ನು ಮೇಲಿಂದ ಕರಗಿಸಿ ಮುಚ್ಚಿದರೆ ರಂಧ್ರ ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಬರ್ ಹಾಕಿ ಬುಡದವರೆಗೆ ಕೊರೆದು, ಸೋಪು ತೊಳೆದು, ಬಿಸಿಗಾಳಿಯಲ್ಲಿ ಆರಿಸಿ, ಅಸಿಟೋನ್, ಬ್ರಷ್, ಆಮೇಲೆ ವೆಲ್ಡ್. ಒತ್ತಡ ಪೂರ್ತಿ ಇಳಿಸಿ, ಬುಷ್ ತೆರೆದ ಮೇಲೆ ಮಾತ್ರ.

ನಲ್ಲಿಗೆ ಸ್ಟೇನ್‌ಲೆಸ್ ಅಥವಾ ಪ್ಲಾಸ್ಟಿಕ್ ಫಿಟ್ಟಿಂಗ್, ಥ್ರೆಡ್ಡಿಗೆ ಟೆಫ್ಲಾನ್ ಟೇಪ್. ಹಿತ್ತಾಳೆ ಹಾಕಿದರೆ ನೀರಿನಲ್ಲಿ ಎರಡು ಲೋಹ ಸೇರಿ ಅಲ್ಯೂಮಿನಿಯಂ ಥ್ರೆಡ್ ಪುಡಿಪುಡಿಯಾಗುತ್ತದೆ. ಇದೇ ಕಾರಣಕ್ಕೆ ಟ್ಯಾಂಕ್ ಗಾಡಿಯ ಕಬ್ಬಿಣಕ್ಕೆ ನೇರ ತಾಗಬಾರದು. ಕೆಳಗೆ 5 ಮಿ.ಮೀ. ರಬ್ಬರ್ ಹಾಳೆ, ಪಟ್ಟಿಯ ಕೆಳಗೂ ರಬ್ಬರ್. ತುಂಬಿದಾಗ 27–28 ಕೆ.ಜಿ. ಆಗುವುದರಿಂದ 25 ಮಿ.ಮೀ. ಅಗಲದ ಎರಡು ಸ್ಟೀಲ್ ಪಟ್ಟಿ ಸುತ್ತಿ ಬೋಲ್ಟ್ ಬಿಗಿಯಬೇಕು. ಬ್ರಾಕೆಟ್ಟನ್ನು ಟ್ಯಾಂಕಿನ ಮೈಗೇ ವೆಲ್ಡ್ ಮಾಡಿದರೆ ಗಾಡಿಯ ಅದುರಾಟವೆಲ್ಲ ಮೆತ್ತಗಾದ ಆ ಗೆರೆಯ ಮೇಲೆಯೇ ಬಿದ್ದು ಅಲ್ಲಿ ಸೀಳುತ್ತದೆ. ನಲ್ಲಿಯಿಲ್ಲದ ತುದಿ 10 ಮಿ.ಮೀ. ಎತ್ತರದಲ್ಲಿರಲಿ. ಮೊದಲ ವಾರ ಓಡಿದ ಮೇಲೆ ರಬ್ಬರ್ ಕುಗ್ಗಿರುತ್ತದೆ. ಬೋಲ್ಟನ್ನು ಇನ್ನೊಮ್ಮೆ ಬಿಗಿದು, ದುಂಡು ಮೂಲೆಗಳನ್ನೂ ಬುಷ್ಷಿನ ಸುತ್ತಲನ್ನೂ ಒಣಬಟ್ಟೆಯಿಂದ ಒರೆಸಿ ತೇವ ಇದೆಯೇ ನೋಡಿ.